‘ಕಪಟದಿಂದ’ ಎಂದು ಬರೆದಿದ್ದೆ

ಕಾವ್‌ಶ್ಯುಂಗ್
ಭಾನುವಾರ, 11 ನವೆಂಬರ್ 2018

ಪ್ರೀತಿಯ ಚಿಕ್ಕಮ್ಮನಿಗೆ,

ಮಿನ್-ಹುಯಿಯ ನಮಸ್ಕಾರಗಳು. ನಿಮ್ಮ ಮಂಡಿನೋವು ಈಗ ಹೇಗಿದೆ? ಬೆಳಗಿನ ಐದಕ್ಕೇ ಅಂಗಡಿಯಲ್ಲಿ ಹಬೆಯ ಹಂಡೆಯ ಮುಂದೆ ನಿಲ್ಲಬೇಡಿ ಎಂದು ಡಾಕ್ಟರು ಹೇಳಿ ಆರು ತಿಂಗಳಾಯಿತು. ನೀವು ನಾಲ್ಕೂವರೆಗೆ ನಿಲ್ಲುತ್ತಿದ್ದೀರಿ ಎಂದು ಪಕ್ಕದ ಹೂವಿನ ಅಂಗಡಿಯವರು ಹೇಳಿದರು. ಮೇನೊಂಗ್‌ನಿಂದ ನೀವು ಬಸ್ಸಿನಲ್ಲಿ ಕಳಿಸಿದ ನೀರುದಂಟಿನ ಕಟ್ಟು ಬಾಡದೆ ತಲುಪಿತು. ಶುಂಠಿ ಹಾಕಿ ಹುರಿದೆ. ನಿಮ್ಮ ಅಳಿಯ ಚಿ-ವೇಯ್ ಚೆನ್ನಾಗಿದೆ ಎಂದು ಎರಡು ಸಲ ಹೇಳಿದರು. ಅಂದರೆ ಚೆನ್ನಾಗಿರಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಒಂದು ಲೋಟ ಚಹಾ ಕುಡಿದು ಬಂದೆ. ಹೇಳಬೇಕಾದ್ದು ಬೇರೆಯೇ ಇದೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ನನ್ನ ತರಗತಿಯಿಂದಲೇ ಶುರು ಮಾಡುತ್ತೇನೆ. ನಿಮಗೆ ಇಂಗ್ಲಿಷ್ ಬಾರದು, ಆದರೂ ಇದನ್ನು ನೀವು ನನ್ನ ವಿದ್ಯಾರ್ಥಿನಿಯರಿಗಿಂತ ಬೇಗ ಹಿಡಿಯುತ್ತೀರಿ.

ಇಂಗ್ಲಿಷಿನಲ್ಲಿ ಒಂದು ಜಾತಿಯ ಪದಗಳಿವೆ. ಒಬ್ಬರು ಏನು ಮಾಡಿದರು ಎಂದು ಹೇಳುವ ಪದದ ಪಕ್ಕದಲ್ಲಿ ನಿಂತು, ಎಂಥ ಕಣ್ಣಿನಿಂದ ಮಾಡಿದರು ಎಂದು ಹೇಳುತ್ತವೆ. ‘ನೋಡಿದಳು’ ಎಂದರೆ ನೋಡಿದಳು, ಅಷ್ಟೇ. ‘ಶ್ರೂಡ್ಲಿ’ ನೋಡಿದಳು ಎಂದರೆ, ಮೀನಿನವನು ನಿನ್ನೆಯ ಮೀನನ್ನು ಇವತ್ತಿನ ಐಸಿನ ಮೇಲೆ ಜೋಡಿಸುವಾಗ ನೀವು ನೋಡುತ್ತೀರಲ್ಲ, ಆ ನೋಟ. ‘ಅಸ್ಟ್ಯೂಟ್ಲಿ’ ಎಂದರೆ ಸುತ್ತಲಿನ ಸ್ಥಿತಿಯನ್ನು ಅಳೆದು, ಮುಂದೇನಾಗುತ್ತದೆಂದು ಮೊದಲೇ ಗ್ರಹಿಸಿ. ‘ಪರ್ಸೆಪ್ಟಿವ್ಲಿ’ ಎಂದರೆ ಉಳಿದವರ ಕಣ್ಣು ಜಾರಿಹೋಗುವ ಕಡೆ ಕಣ್ಣು ನೆಟ್ಟು, ಎದುರಿನವರ ಒಳಗಿರುವುದನ್ನು ಕಂಡುಕೊಂಡು. ಹುಡುಗಿಯರು ಇವೆಲ್ಲ ಒಂದೇ ಎಂದುಕೊಂಡು ಎಲ್ಲೆಂದರಲ್ಲಿ ಹಾಕುತ್ತಾರೆ. ಕಳೆದ ಬುಧವಾರ ಒಬ್ಬಳು ‘ನನ್ನ ನಾಯಿ ಪರ್ಸೆಪ್ಟಿವ್ಲಿ ಬೊಗಳಿತು’ ಎಂದು ಬರೆದಿದ್ದಳು.

“ಏನನ್ನ ಕಂಡು ಬೊಗಳ್ತು?” ಎಂದೆ.

“ಗೊತ್ತಿಲ್ಲ ಟೀಚರ್, ನಾಯೀನೇ ಕೇಳ್ಬೇಕು,” ಎಂದಳು. ಇಡೀ ತರಗತಿ ನಕ್ಕಿತು.

ನಾನು ಬೋರ್ಡಿನ ಮೇಲೆ ಬರೆದೆ: ಈ ಪದವನ್ನು ಬಳಸುವ ಹಕ್ಕು ಬೇಕಾದರೆ, ಆ ವ್ಯಕ್ತಿ ಏನನ್ನು ಕಂಡರು ಎಂಬುದನ್ನೂ ಅದೇ ವಾಕ್ಯ ಹೇಳಬೇಕು. ಆಮೇಲೆ ಒಬ್ಬೊಬ್ಬರಾಗಿ ಓದಿ ಎಂದೆ. ತುಂಗ್ ಪೇ-ಯು ಎಂಬ ಹುಡುಗಿ ಎದ್ದಳು. ಹದಿನೇಳು ವರ್ಷ, ಉಗುರು ಕಚ್ಚುವ ಚಾಳಿ, ಯಾವಾಗಲೂ ಅರ್ಧ ನಿದ್ದೆಯಲ್ಲಿದ್ದಂತೆ ಕಾಣುತ್ತಾಳೆ. ಅವಳು ಓದಿದ ವಾಕ್ಯದ ಅರ್ಥ ಇಷ್ಟು: ‘ನಮ್ಮ ಟೀಚರ್ ತಮ್ಮ ಬಲಗಡೆ ಕೂತವರ ಉತ್ತರವನ್ನೇ ಮೊದಲು ಕೇಳಿಸಿಕೊಳ್ಳುತ್ತಾರೆ, ಆದ್ದರಿಂದ ನಾನು ಅಸ್ಟ್ಯೂಟ್ಲಿ ಅವರ ಬಲಗಡೆಯೇ ಕೂರುತ್ತೇನೆ.’

ಹುಡುಗಿಯರು ಮತ್ತೆ ನಕ್ಕರು. ನಾನೂ ನಕ್ಕೆ. ನನ್ನ ಕೈಯ ಸೀಮೆಸುಣ್ಣ ಎರಡು ತುಂಡಾಗಿತ್ತು.

ಗಂಟೆ ಹೊಡೆದ ಮೇಲೆ ಅವಳನ್ನು ನಿಲ್ಲಿಸಿದೆ. “ಯಾವಾಗಿಂದ ಗೊತ್ತು ನಿಂಗೆ?”

“ಮೊದಲನೇ ವಾರದಿಂದ, ಟೀಚರ್. ನಮ್ಮಜ್ಜೀಗೂ ಒಂದು ಕಿವಿ ಇಲ್ಲ. ಅವರೂ ನಿಮ್ಮ ಥರಾನೇ ತಲೆ ತಿರುಗಿಸ್ತಾರೆ, ಕೋಳಿ ನೋಡತ್ತಲ್ಲ, ಹಾಗೆ.” ಆಮೇಲೆ ನಾಲಿಗೆ ಕಚ್ಚಿಕೊಂಡು, “ಸಾರಿ ಟೀಚರ್. ಕೋಳಿ ಅನ್ಬಾರ್ದಿತ್ತು,” ಎಂದಳು.

“ಯಾರಿಗಾದ್ರೂ ಹೇಳಿದೀಯಾ?”

“ಇಲ್ಲಪ್ಪ. ನೀವೇ ಹೇಳ್ದೆ ಇದ್ದಿದ್ದನ್ನ ನಾನ್ಯಾಕೆ ಹೇಳ್ಲಿ?”

ಚಿಕ್ಕಮ್ಮ, ನನಗೆ ನಲವತ್ತೆರಡು ವರ್ಷ. ಎಡಗಿವಿ ಸತ್ತು ಮೂವತ್ತಮೂರು ವರ್ಷ. ಚಿ-ವೇಯ್‌ಗೆ ಮದುವೆಯ ಮುಂಚೆ ಹೇಳಿದ್ದೆ. ಅವರನ್ನು ಬಿಟ್ಟರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಎಂದು ನಂಬಿಕೊಂಡೇ ಬದುಕಿದ್ದೆ. ಆ ಸಂಜೆ ಬಸ್ಸಿನಲ್ಲಿ ಬರುವಾಗ ಯೋಚನೆ ಶುರುವಾಯಿತು. ಅರೆನಿದ್ದೆಯ ಹುಡುಗಿಯೊಬ್ಬಳು ಒಂದು ವಾರದಲ್ಲಿ ಕಂಡದ್ದನ್ನು, ಒಂದೇ ಸೂರಿನಡಿ ಹನ್ನೊಂದು ವರ್ಷ ನನ್ನ ಜೊತೆ ಇದ್ದ ಹೆಂಗಸು ಕಾಣಲಿಲ್ಲವೆ? ಅದೂ ನೀವು?

ಹಳೆಯದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ನಿಮಗೆ ಗೊತ್ತಿರುವುದೇ, ಆದರೂ ನನಗೆ ಅದು ಹೇಗೆ ಕಂಡಿತ್ತು ಎಂದು ಬರೆಯುತ್ತೇನೆ.

ಅಪ್ಪನನ್ನು ಮದುವೆಯಾಗಿ ನೀವು ನಮ್ಮ ಮನೆಗೆ ಬಂದಾಗ ನನಗೆ ಹದಿಮೂರು. ಒಂದು ಮಡಚುವ ಮಂಚ, ಎರಡು ಅಲ್ಯೂಮಿನಿಯಂ ತಟ್ಟೆ, ಅಕ್ಕಿ ರುಬ್ಬುವ ಕಲ್ಲು ತಂದಿದ್ದಿರಿ. ಅಮ್ಮನ ಫೋಟೊದ ಮುಂದೆ ನಿಂತು ಮೂರು ಊದುಬತ್ತಿ ಹಚ್ಚಿದಿರಿ. ನನಗೆ ಸಿಟ್ಟು ಬಂದಿತ್ತು, ಅಷ್ಟು ಹೊತ್ತು ನಿಂತದ್ದು ನಾಟಕ ಎಂದು. ಅಪ್ಪ ಬೆಳಗಿನಿಂದ ಬಸ್ಸು ಓಡಿಸಿ ಬಂದು ಕೂತು ನನ್ನನ್ನು ಕರೆಯುತ್ತಿದ್ದರು. ನಾನು ಓಗೊಡುತ್ತಿರಲಿಲ್ಲ. “ಏಯ್! ಕಿವುಡೀನಾ ನೀನು? ಇಲ್ಲಾ ಸೊಕ್ಕಾ?” ಎನ್ನುತ್ತಿದ್ದರು. ಸೊಕ್ಕು ಎಂದೇ ಒಪ್ಪಿಕೊಳ್ಳುತ್ತಿದ್ದೆ. ಒಂದೆರಡು ಏಟು ಬೀಳುತ್ತಿತ್ತು. ಗುಟ್ಟು ಉಳಿಯುತ್ತಿತ್ತು.

ನೀವು ಬಂದು ಒಂದು ತಿಂಗಳಾಗಿತ್ತು. ಊಟದ ಮೇಜಿನಲ್ಲಿ ಇದ್ದಕ್ಕಿದ್ದಂತೆ ಅಪ್ಪನ ಜಾಗ ಬದಲಾಯಿತು. “ಆ ಕಡೆ ಕೂತ್ರೆ ನಿಮ್ಗೆ ಬಿಸಿಲು ಹೊಡಿಯತ್ತೆ, ಈ ಕಡೆ ಬನ್ನಿ,” ಎಂದಿರಿ. ಅಮ್ಮ ಕೂರುತ್ತಿದ್ದ ಜಾಗ ಅದು. ಅಲ್ಲಿಗೆ ಅಪ್ಪ ಬಂದು ಕೂತರು, ನನ್ನ ಬಲಕ್ಕೆ. ಅಮ್ಮನ ಜಾಗ ಅಳಿಸಲು ನೀವು ಹೂಡಿದ ಹೂಟ ಎಂದುಕೊಂಡೆ. ಅವತ್ತಿನಿಂದ ಅಪ್ಪ ಕರೆದರೆ ನನಗೆ ಕೇಳಿಸುತ್ತಿತ್ತು ಎಂಬುದನ್ನು ಗಮನಿಸಲಿಲ್ಲ. ಏಟು ನಿಂತದ್ದು ಗೊತ್ತಾಯಿತು, ಯಾಕೆಂದು ಯೋಚಿಸಲಿಲ್ಲ.

ಹೊಸವರ್ಷದ ದಿನ ಬೀದಿಯಲ್ಲಿ ಪಟಾಕಿ ಸರ ಹಚ್ಚಿದಾಗ ನೀವು ಓಡಿಬಂದು ನನ್ನ ತಲೆಯನ್ನು ನಿಮ್ಮ ಕಂಕುಳಿಗೆ ಒತ್ತಿ, ಬಲಗಿವಿಯ ಮೇಲೆ ಅಂಗೈ ಅದುಮಿ ಹಿಡಿದಿರಿ. ಕೈಯೆಲ್ಲ ಹುರಿದ ಈರುಳ್ಳಿಯ ವಾಸನೆ. ಗೆಳತಿಯರೆಲ್ಲ ನೋಡುತ್ತಿದ್ದರು. ನಾನು ಕೊಸರಿಕೊಂಡು “ನಾನೇನು ಮಗು ಅಲ್ಲ, ಬಿಡಿ!” ಎಂದು ಕಿರುಚಿದೆ. ನೀವು ಸರ ಮುಗಿಯುವವರೆಗೆ ಬಿಡಲಿಲ್ಲ.

ಕೊನೆಗೆ ಶಾಲೆ. ಒಂಬತ್ತನೇ ತರಗತಿಯಲ್ಲಿ ನಾನು, ಕುಯೇ-ಯಿಂಗ್ ಹಿಂದಿನ ಬೆಂಚಿನಲ್ಲಿ, ಬಲಗಡೆಯ ಕಿಟಕಿಯ ಪಕ್ಕ ಕೂರುತ್ತಿದ್ದೆವು. ಅವಳೊಬ್ಬಳೇ ನನ್ನ ಗೆಳತಿ. ಒಂದು ದಿನ ನೀವು ದೊಡ್ಡ ಪಾತ್ರೆಯ ತುಂಬ ಬಾನ್‌ತ್ಯಾವ್ ಹೊತ್ತು ಶಾಲೆಗೆ ಬಂದಿರಿ. ಮೇಷ್ಟ್ರುಗಳೆಲ್ಲ ಆ ಅಗಲ ಅಕ್ಕಿ ಎಳೆಗಳನ್ನು ಸೊರಸೊರ ಎಳೆದುಕೊಂಡು ತಿಂದರು. ಮರುದಿನ ನನ್ನನ್ನು ಮುಂದಿನ ಸಾಲಿಗೆ, ಎಡಗೋಡೆಯ ಪಕ್ಕಕ್ಕೆ ಹಾಕಿದರು. ಕುಯೇ-ಯಿಂಗ್ ಹಿಂದೆಯೇ ಉಳಿದಳು. ತಿಂಗಳೊಳಗೆ ಅವಳಿಗೆ ಬೇರೆ ಗೆಳತಿಯರಾದರು. ನನಗೆ ಯಾರೂ ಆಗಲಿಲ್ಲ.

ಆ ವಾರ ಇಂಗ್ಲಿಷಿನ ಯೇ ಮೇಷ್ಟ್ರು ಇದೇ ಜಾತಿಯ ಪದಗಳನ್ನು ಕಲಿಸುತ್ತಿದ್ದರು. ನಮ್ಮ ಪುಸ್ತಕದಲ್ಲಿ ಅವು ಇರಲಿಲ್ಲ. ಅವರೇ ಹಳೇ ನಿಘಂಟಿನಿಂದ ಆರಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮನೆಯಲ್ಲಿ ಚುರುಕು ಬುದ್ಧಿಯವರೊಬ್ಬರ ಬಗ್ಗೆ ವಾಕ್ಯ ಬರೆದು ತನ್ನಿ ಎಂದರು. ಅವರು ಕೊಟ್ಟ ಪಟ್ಟಿಯಲ್ಲಿಲ್ಲದ ಒಂದು ಪದವನ್ನು ನಾನೇ ಹುಡುಕಿಕೊಂಡೆ: ‘ಕನ್ನಿಂಗ್ಲಿ’. ಕಪಟದಿಂದ. ‘ನನ್ನ ಅಪ್ಪನ ಹೆಂಡತಿ ಕಪಟದಿಂದ ನನ್ನ ಜಾಗ ಬದಲಾಯಿಸಿದಳು’ ಎಂದು ಬರೆದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಅದು ನಾನು ತಪ್ಪಿಲ್ಲದೆ ಬರೆದ ಮೊದಲ ಇಂಗ್ಲಿಷ್ ವಾಕ್ಯ. ಮೇಷ್ಟ್ರು ಆ ಪದದ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಬರೆದಿದ್ದರು: ‘ಪದ ತಪ್ಪಿರಬೇಕು, ಇಲ್ಲವೇ ನೀನು ನೋಡಿದ್ದು ತಪ್ಪಿರಬೇಕು. ಯಾವುದು ಎಂದು ಕಂಡುಕೊಂಡು ಬಾ.’

ನಾನು ಹೋಗಲಿಲ್ಲ. ನಿನ್ನೆ ಹೋದೆ. ಇಪ್ಪತ್ತೇಳು ವರ್ಷ ತಡವಾಗಿ.

ಯೇ ಮೇಷ್ಟ್ರಿಗೆ ಈಗ ಎಂಬತ್ತೊಂದು. ಚಿಶಾನ್‌ನಲ್ಲಿ ಮಗಳ ಮನೆಯ ಹಿಂದೆ ಒಂದು ಕೋಣೆಯಲ್ಲಿದ್ದಾರೆ. ಬಾಗಿಲಲ್ಲಿ ನಿಂತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಓಹೋ, ಗೋಡೆ ಪಕ್ಕದ ಮಿನ್-ಹುಯಿ! ಬಾ ಬಾ. ಬಾಳೆಹಣ್ಣು ತಿಂದ್ರೆ ಮಾತ್ರ ಒಳಗೆ, ಮನೆ ತುಂಬಾ ಕೊಳೀತಾ ಬಿದ್ದಿದೆ,” ಎಂದರು. ಎರಡು ಬಾಳೆಹಣ್ಣು ತಿಂದೆ. ಆಮೇಲೆ ನೇರವಾಗಿ ಕೇಳಿದೆ: ನನ್ನ ಜಾಗ ಯಾಕೆ ಬದಲಾಯಿತು?

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. “ಮಾತು ಕೊಟ್ಟಿದ್ದೆ ನಿಮ್ಮ ಚಿಕ್ಕಮ್ಮನಿಗೆ,” ಎಂದರು. “ಅವಳು ತಾನಾಗಿ ಬಂದು ಕೇಳೋವರೆಗೆ ಹೇಳ್ಬೇಡಿ ಅಂದಿದ್ಲು. ಈಗ ನೀನಾಗೇ ಬಂದಿದೀಯಲ್ಲ.”

ಆಮೇಲೆ ಹೇಳಿದರು. ನೀವು ಶಾಲೆಗೆ ಒಂದು ಸಲವಲ್ಲ, ಎರಡು ಸಲ ಹೋಗಿದ್ದಿರಂತೆ. ಎರಡನೆಯ ಸಲ ಪಾತ್ರೆಯಿರಲಿಲ್ಲ, ಕೈಯಲ್ಲಿ ಅಕ್ಕಿಹಿಟ್ಟಿನ ಚೀಲದಿಂದ ಹರಿದ ಕಂದು ಕಾಗದದ ಚೂರಿತ್ತು. ಅದರ ಮೇಲೆ ಒಂದು ಇಂಗ್ಲಿಷ್ ಪದ. ಅಕ್ಷರ ಗೊತ್ತಿಲ್ಲದವರು ಚಿತ್ರ ನೋಡಿ ಚಿತ್ರ ಬರೆದಂತೆ, ಒಂದೊಂದು ಗೆರೆಯನ್ನೂ ಒತ್ತಿ ಒತ್ತಿ ಬರೆದಿತ್ತಂತೆ. ಒಂದು ಅಕ್ಷರದ ಬಾಲ ತಿರುಗುಮುರುಗಾಗಿತ್ತಂತೆ.

“ಮೇಷ್ಟ್ರೇ, ಇದಕ್ಕೆ ಕೆಂಪು ಸುತ್ತು ಹಾಕಿದ್ದೀರಿ. ಹುಡುಗಿ ಏನು ತಪ್ಪು ಮಾಡಿದಾಳೆ?” ಎಂದು ಕೇಳಿದಿರಂತೆ.

ಮೇಷ್ಟ್ರಿಗೆ ನಾಚಿಕೆಯಾಯಿತು. “ಅಂಥದ್ದೇನಿಲ್ಲ ಕಣಮ್ಮ, ಜಾಣತನದಿಂದ ಅಂತ ಅರ್ಥ,” ಎಂದರಂತೆ.

ಅದಕ್ಕೆ ನೀವು, “ಸುಳ್ಳು ಹೇಳೋವಾಗ ನೀವು ಕನ್ನಡಕ ಒರೆಸ್ತೀರಿ, ಮೇಷ್ಟ್ರೇ. ಹೋದ್ ಸಲ ಬಾನ್‌ತ್ಯಾವ್ ತಿಂದು ಖಾರ ಇಲ್ಲ ಅಂದಾಗ್ಲೂ ಒರೆಸಿದ್ರಿ,” ಎಂದಿರಂತೆ.

ಇದನ್ನು ಹೇಳುವಾಗ ಆ ಮುದುಕರು ನಗುತ್ತ ನಗುತ್ತ ಕೆಮ್ಮಿದರು. ಬೇರೆ ದಾರಿಯಿಲ್ಲದೆ ನಿಜವಾದ ಅರ್ಥ ಹೇಳಿದರಂತೆ. ಅಳುತ್ತೀರಿ ಎಂದುಕೊಂಡರಂತೆ. ನೀವು ಕಾಗದದ ಚೂರನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಹೇಳಿದಿರಂತೆ: “ಹಾಗಾದ್ರೆ ಸರಿಯಾಗೇ ಬರ್ದಿದಾಳೆ ಬಿಡಿ. ನಾನು ಮಾಡಿದ್ದು ಕಪಟಾನೇ. ಮಾರ್ಕ್ಸ್ ಕಳೀಬೇಡಿ.”

ಚಿಕ್ಕಮ್ಮ, ಈ ಮಾತು ಕೇಳಿ ನಾನು ಮೇಷ್ಟ್ರ ಮುಂದೆಯೇ ಮುಖ ಮುಚ್ಚಿಕೊಂಡೆ. ಅವರ ಮಗಳು ಬಂದು ನೀರು ಕೊಟ್ಟು ಹೋದಳು.

ಆಮೇಲೆ ಮೇಷ್ಟ್ರು ನಿಮ್ಮನ್ನು ಕೂರಿಸಿ, ಏನು ಕಪಟ ಎಂದು ಕೇಳಿದರಂತೆ. ನೀವು ಹೇಳಿದಿರಂತೆ, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಮಲಗುವ ಹೊತ್ತಿನಲ್ಲಿ ಕಂಡುಹಿಡಿದೆ ಎಂದು. ನಾನು ಎಡಕ್ಕೆ ಹೊರಳಿ ಮಲಗಿದ್ದರೆ ನಿಮ್ಮ ಚಪ್ಪಲಿಯ ಸದ್ದಿಗೂ ಕಣ್ಣು ಬಿಡುತ್ತಿದ್ದೆ. ಬಲಕ್ಕೆ ಹೊರಳಿದ್ದರೆ ತಗಡಿನ ಮುಚ್ಚಳ ಬಿದ್ದರೂ ಅಲುಗುತ್ತಿರಲಿಲ್ಲ. ಮೂರು ಸಲ ಬೇಕೆಂದೇ ಮುಚ್ಚಳ ಬೀಳಿಸಿ ನೋಡಿದಿರಂತೆ! ಆ ಮುಚ್ಚಳದ ಸೊಟ್ಟ ಅಂಚು ನನಗೆ ಈಗಲೂ ನೆನಪಿದೆ. ಬಾಡಿಗೆ ಮನೆಯ ನೆಲ ಹಾಳಾಗುತ್ತದೆ ಎಂದು ಅಪ್ಪ ಕೂಗಾಡಿದ್ದರು.

ನೀವು ಕಾವ್‌ಶ್ಯುಂಗ್‌ಗೆ ಹೋಗಿ ಕಿವಿಯ ಡಾಕ್ಟರನ್ನು ಕಂಡದ್ದನ್ನೂ ಮೇಷ್ಟ್ರು ಹೇಳಿದರು. ಅಪ್ಪನಿಗೆ ಗೊತ್ತಾಗಬಾರದೆಂದು ಅವರ ಬಸ್ಸು ಹೋಗುವವರೆಗೆ ದೇವಸ್ಥಾನದ ಹಿಂದೆ ನಿಂತು, ಮುಂದಿನ ಬಸ್ಸು ಹತ್ತಿದಿರಂತೆ. ಹುಡುಗಿಯನ್ನು ಕರೆತರದೆ ಹೇಗೆ ಹೇಳುವುದು ಎಂದು ಡಾಕ್ಟರು ರೇಗಿದರಂತೆ. ನೀವು ಕದಲಲಿಲ್ಲವಂತೆ. ಮಂಗನಬಾವಿನಿಂದ ಹೋದ ಕಿವಿ ಮರಳುವುದು ಕಷ್ಟ, ಉಳಿದ ಕಿವಿಯನ್ನು ಜೋಪಾನ ಮಾಡಿ, ದೊಡ್ಡ ಸದ್ದು ಬೀಳದಂತೆ ನೋಡಿಕೊಳ್ಳಿ ಎಂದು ಕೊನೆಗೆ ಹೇಳಿದರಂತೆ. ಹೊಸವರ್ಷಕ್ಕೆ ಹತ್ತು ದಿನ ಮುಂಚೆ ಅದು. ನಿಮ್ಮ ಅಂಗೈ ನನ್ನ ಕಿವಿಯ ಮೇಲೆ ಯಾಕೆ ಬಂತು ಎಂಬುದು ನಿನ್ನೆ ಆ ಕೋಣೆಯಲ್ಲಿ ಕೂತು ತಿಳಿಯಿತು.

“ಗಂಡನಿಗಾದ್ರೂ ಹೇಳಮ್ಮ ಅಂದೆ,” ಎಂದರು ಮೇಷ್ಟ್ರು. “ಏನಂದ್ಲು ಗೊತ್ತಾ? ‘ಅವರಿಗೆ ಹೇಳಿದ್ರೆ ನಾಳೆಯಿಂದ ಮಗಳ ಹತ್ರ ಕೂಗಿ ಕೂಗಿ ಮಾತಾಡ್ತಾರೆ, ಬೀದಿಗೆಲ್ಲ ಗೊತ್ತಾಗತ್ತೆ. ಅವಳು ಇದನ್ನ ಮುಚ್ಚಿಟ್ಕೊಂಡಿದಾಳೆ. ಯಾಕೆ ಅಂತ ನಂಗೊತ್ತಿಲ್ಲ. ಆ ಮನೇಲಿ ಅವಳದ್ದು ಅಂತ ಉಳಿದಿರೋದು ಅದೊಂದೇ. ಅದನ್ನ ಕಿತ್ಕೊಳ್ಳೋಕೆ ನಾನು ಬಂದಿಲ್ಲ.’”

ಇನ್ನೊಂದು ಇದೆ. ಒಂಬತ್ತನೇ ತರಗತಿ ಮುಗಿದಾಗ ಅಪ್ಪ ನನ್ನನ್ನು ನಾನ್‌ತ್ಸುವಿನ ಕಾರ್ಖಾನೆಗೆ ಕಳಿಸಲು ನಿರ್ಧರಿಸಿದ್ದರು, ರೇಡಿಯೊ ಜೋಡಿಸುವ ಕೆಲಸಕ್ಕೆ. “ಅವಳ ಅಮ್ಮ ಸಾಯೋವಾಗ ಚೆನ್ನಾಗಿ ಓದು ಅಂದ್ಲು. ಅದು ಇವಳ ತಲೆಗೇ ಹೋಗ್ಲಿಲ್ಲ,” ಎಂದಿದ್ದರು. ನೀವು ಅಡ್ಡ ಬಂದು, “ನಂಗೆ ಬಾನ್‌ತ್ಯಾವ್ ಅಂಗಡೀಲಿ ಕೈ ಸಾಲಲ್ಲ. ಮುಂಜಾನೆ ಇಲ್ಲಿ ಬಟ್ಟಲು ತೊಳೀಲಿ, ಹಗಲು ಬೇಕಾದ್ರೆ ಎಲ್ಲಾದ್ರೂ ಓದ್ಕೊಳ್ಲಿ,” ಎಂದಿರಿ. ಅಂದರೆ ಸಂಬಳವಿಲ್ಲದ ಆಳು ಬೇಕಾಗಿದೆ ಎಂದು ನಾನು ಕುದಿದುಹೋದೆ. ಬಟ್ಟಲು ತೊಳೆಯಲು ಹಚ್ಚಿದ್ದು ಒಂದೇ ವಾರ. ಆಮೇಲೆ ಗಿರಾಕಿಗಳ ಮುಂದೆ ನಿಲ್ಲಿಸಿದಿರಿ. ಹಬೆ, ಬಾಣಲೆಯ ಸದ್ದು, ರಸ್ತೆಯ ಸ್ಕೂಟರುಗಳು, ಹೊಗೆಸೊಪ್ಪಿನ ಹೊಲಕ್ಕೆ ಹೊರಟವರ ಗದ್ದಲ. “ಮುಖ ನೋಡ್ಕೊಂಡು ಕೇಳು! ಕೇಳಿದ್ದನ್ನ ತಿರುಗಿ ಗಟ್ಟಿಯಾಗಿ ಹೇಳು! ಬಾಯಿಗೇನು ಬೀಗ ಹಾಕಿದ್ದೀಯಾ?” ಎಂದು ಒಲೆಯ ಹಿಂದಿನಿಂದ ಕೂಗುತ್ತಿದ್ದಿರಿ. ಮೂರು ವರ್ಷ, ದಿನಕ್ಕೆ ಎರಡು ಗಂಟೆ, ನಿಮ್ಮನ್ನು ಬೈದುಕೊಳ್ಳುತ್ತ ಜನರ ತುಟಿ ನೋಡಿದೆ. ಸಾರು ಬೇಕೋ ಒಣದು ಬೇಕೋ, ಹಂದಿಕಾಲು ಬೇಕೋ ಬೇಡವೋ, ಬಾಯಿ ತೆರೆಯುವ ಮೊದಲೇ ತಿಳಿಯುತ್ತಿತ್ತು. ಇವತ್ತು ನಲವತ್ತು ಹುಡುಗಿಯರ ಮುಂದೆ ನಿಂತು ಪಾಠ ಮಾಡುತ್ತೇನಲ್ಲ, ಅದು ಕಾಲೇಜಿನಲ್ಲಿ ಕಲಿತದ್ದಲ್ಲ. ಆ ಒಲೆಯ ಮುಂದೆ ಕಲಿತದ್ದು.

“ಬೇಕೂಂತ ಮಾಡಿದ್ರಾ ಅದನ್ನೂ?” ಎಂದು ಮೇಷ್ಟ್ರನ್ನು ಕೇಳಿದೆ.

“ಆಮೇಲೊಂದ್ಸಲ ಅಂಗಡೀಲಿ ಸಿಕ್ಕಾಗ, ಗದ್ದಲದಲ್ಲಿ ಕಲಿತ್ರೆ ಎಲ್ಲಿ ಬೇಕಾದ್ರೂ ಬದುಕ್ಕೋತಾಳೆ ಅಂದಿದ್ಲು,” ಎಂದರು ಮೇಷ್ಟ್ರು.

ಹೊರಡುವಾಗ ಅವರು, “ಸರಿ, ಈಗ ಹೇಳು. ಪದ ತಪ್ಪೋ, ನೋಡಿದ್ದು ತಪ್ಪೋ?” ಎಂದರು. ನೋಡಿದ್ದು ತಪ್ಪು ಎಂದೆ. ಹಾಗಾದರೆ ಯಾವ ಪದ ಹಾಕುತ್ತೀ ಎಂದರು. ನಾವಿಬ್ಬರೂ ಕೂತು ಬಹಳ ಹೊತ್ತು ವಾದ ಮಾಡಿದೆವು. ನನ್ನ ಕಿವಿಯನ್ನು ನೀವು ಕಂಡದ್ದು ‘ಪರ್ಸೆಪ್ಟಿವ್ಲಿ’, ಅದರಲ್ಲಿ ಅನುಮಾನವಿಲ್ಲ. ಅಪ್ಪನನ್ನು ಒಪ್ಪಿಸಿದ್ದು ‘ಅಸ್ಟ್ಯೂಟ್ಲಿ’. ಮೇಷ್ಟ್ರಿಗೆ ಬಾನ್‌ತ್ಯಾವ್ ತಿನ್ನಿಸಿ ಜಾಗ ಗಿಟ್ಟಿಸಿದ್ದು ‘ಶ್ರೂಡ್ಲಿ’ ಎಂದು ಅವರೇ ಒಪ್ಪಿಕೊಂಡರು. ಆದರೆ ಕಂಡೂ ಕಾಣದಂತೆ ಇದ್ದದ್ದಕ್ಕೆ, ನನ್ನ ದ್ವೇಷವನ್ನು ಹೊತ್ತುಕೊಂಡು ಬಾಯಿ ಬಿಡದೆ ಇದ್ದದ್ದಕ್ಕೆ ಏನು ಪದ? ಅವರ ಹಳೇ ನಿಘಂಟನ್ನು ತೆಗೆದೆವು. ಅದರಲ್ಲಿ ಸಿಗಲಿಲ್ಲ.

ಈಗ ನಾನು ಒಪ್ಪಿಕೊಳ್ಳಬೇಕಾದವು. ನನ್ನ ಮದುವೆಯ ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕಿಸಲಿಲ್ಲ. ಅಚ್ಚಿನವನ ತಪ್ಪು ಎಂದೆ. ಅಲ್ಲ, ನಾನೇ ತೆಗೆಸಿದೆ. ಊಟದ ದಿನ ನಿಮ್ಮನ್ನು ಮೊದಲ ಮೇಜಿನಲ್ಲಿ ಕೂರಿಸದೆ, ಅಪ್ಪನ ಡ್ರೈವರ್ ಗೆಳೆಯರ ಮೇಜಿನಲ್ಲಿ ಕೂರಿಸಿದೆ. ನೀವು ಅವರನ್ನೆಲ್ಲ ನಗಿಸಿ ನಗಿಸಿ ಸಾಕುಮಾಡಿದಿರಿ. ಅಪ್ಪ ಹೋದ ಮೇಲೆ ಆರು ವರ್ಷದಲ್ಲಿ ಮೇನೊಂಗ್‌ಗೆ ಎಂಟು ಸಲ ಬಂದಿದ್ದೇನೆ. ಕ್ಷಮಿಸಿ ಎಂದು ಬರೆದರೆ ನೀವು “ಹೋಗೇ ಹುಚ್ಚಿ” ಎನ್ನುತ್ತೀರಿ. ಆದರೂ ಬರೆದಿದ್ದೇನೆ.

ಮೇಷ್ಟ್ರಿಗೆ ನೀವು ‘ಯಾಕೆ ಅಂತ ನಂಗೊತ್ತಿಲ್ಲ’ ಎಂದಿದ್ದಿರಲ್ಲ. ನನ್ನ ಬಗ್ಗೆ ನಿಮಗೆ ಗೊತ್ತಾಗದೆ ಉಳಿದದ್ದು ಅದೊಂದೇ ಇರಬೇಕು. ಅದನ್ನು ಹೇಳುತ್ತೇನೆ. ಚಿ-ವೇಯ್‌ಗೂ ಇದನ್ನು ಹೇಳಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಮಂಗನಬಾವು ಬಂತು. ಅಮ್ಮ ಆಗ ಆಸ್ಪತ್ರೆಯಲ್ಲಿದ್ದಳು. ಅಜ್ಜಿ ನನ್ನ ಕೆನ್ನೆಗೆ ನೀಲಿ ಲೇಪ ಬಳಿದು ಮನೆಯಲ್ಲೇ ಕೂಡಿಹಾಕಿದಳು. ಬಾವು ಇಳಿಯಿತು. ಎಡಗಿವಿಯಲ್ಲಿ ಕೆಲವು ದಿನ ಜೀರುಂಡೆ ಕೂಗಿದಂತೆ ಸದ್ದು, ಆಮೇಲೆ ಏನೂ ಇಲ್ಲ. ಅಮ್ಮನಿಗೆ ತೊಂದರೆ ಬೇಡವೆಂದು ಯಾರಿಗೂ ಹೇಳಲಿಲ್ಲ. ಅಪ್ಪ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಮ್ಮ ನನ್ನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ಅವಳ ಉಸಿರು ಬೆಚ್ಚಗೆ ತಾಗುತ್ತಿತ್ತು. ಅದು ಎಡಗಿವಿ. ಇನ್ನೊಂದು ಸಲ ಹೇಳು ಎನ್ನಲು ನನಗೆ ಧೈರ್ಯವಾಗಲಿಲ್ಲ. ಅವಳು ದಣಿದಿದ್ದಳು. ತಲೆಯಾಡಿಸಿದೆ. ಅವಳು ಸಮಾಧಾನದಿಂದ ಕಣ್ಣು ಮುಚ್ಚಿಕೊಂಡಳು. ಮುಂದಿನ ವಾರ ಹೋಗುವಷ್ಟರಲ್ಲಿ ಅವಳಿರಲಿಲ್ಲ.

ಅಪ್ಪ ಕೇಳಿದರು, “ಅಮ್ಮ ಏನಂದ್ಲು ಕಂದ?” ನಾನು, “ಚೆನ್ನಾಗಿ ಓದು ಅಂದ್ಲು,” ಎಂದೆ. ಅಪ್ಪ ಅದನ್ನು ಊರಿಗೆಲ್ಲ ಹೇಳಿದರು. ನನ್ನ ಕಿವಿ ಸತ್ತದ್ದು ಗೊತ್ತಾದರೆ ಅದು ಸುಳ್ಳೆಂದು ಅಪ್ಪನಿಗೆ ಗೊತ್ತಾಗುತ್ತಿತ್ತು. ಅಷ್ಟೇ ಚಿಕ್ಕಮ್ಮ. ನಾನು ಕಾಯುತ್ತಿದ್ದದ್ದು ಆ ಸುಳ್ಳನ್ನು.

ಅವಳು ಏನು ಹೇಳಿರಬಹುದು ಎಂದು ಮೂವತ್ತಮೂರು ವರ್ಷ ಯೋಚಿಸಿದ್ದೇನೆ. ನಿನ್ನೆ ಚಿಶಾನ್‌ನಿಂದ ಬರುವಾಗ, ಮೊದಲ ಸಲ, ಆ ಯೋಚನೆ ನೋಯಲಿಲ್ಲ. ಸಾಯುವ ತಾಯಿ ಮಗಳಿಗೆ ಏನು ಹೇಳುತ್ತಾಳೆ? ಹೊತ್ತಿಗೆ ಉಣ್ಣು, ಜೋಪಾನ, ಹೆದರಬೇಡ, ಯಾರೋ ಒಬ್ಬರು ನಿನ್ನನ್ನು ನೋಡಿಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚೇನು ಹೇಳಿರುತ್ತಾಳೆ? ಅದನ್ನೆಲ್ಲ ನೀವು ಹೇಳದೆಯೇ ಮಾಡಿದ್ದೀರಿ. ನಿಮ್ಮ ಋಣ ದೊಡ್ಡದು. ಅದು ಮುಗಿಯದೆ ಹಾಗೇ ಇರಲಿ ಎಂದೇ ನನ್ನ ಆಸೆ.

ಮುಂದಿನ ತಿಂಗಳು ಅಮ್ಮನ ತಿಥಿಗೆ ಬರುತ್ತೇನೆ. ಊದುಬತ್ತಿ ನೀವೇ ಹಚ್ಚಿ. ಎಷ್ಟು ಹೊತ್ತು ಬೇಕಾದರೂ ನಿಂತುಕೊಳ್ಳಿ.

ನಿನ್ನ ಮಗಳು,
ಮಿನ್-ಹುಯಿ

ತಾಜಾಕಲಂ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಚಿಕ್ಕಮ್ಮ, ಮೇ ತಿಂಗಳಿಂದ ನನ್ನ ಬಲಗಿವಿಯೂ ಮಂಕಾಗುತ್ತಿದೆ. ನೀನು ಫೋನಿನಲ್ಲಿ ಮಾತಾಡುವಾಗ ಅರ್ಧ ಊಹೆ ಮಾಡಿ ಹ್ಞೂಂಗುಟ್ಟುತ್ತಿದ್ದೇನೆ. ಪೂರ್ತಿ ಹೋಗುವುದಿಲ್ಲ, ಯಂತ್ರ ಹಾಕಿದರೆ ಪಾಠ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇದೇ ಇಪ್ಪತ್ತೆರಡು, ಗುರುವಾರ, ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ, ಮೊದಲು ನಿನಗೇ ಹೇಳುತ್ತಿದ್ದೇನೆ. ಅಂಗಡಿಗೆ ಒಂದು ದಿನ ಬಾಗಿಲು ಹಾಕಿ ಬರುತ್ತೀಯಾ? ಒಬ್ಬಳೇ ಹೋಗಲು ನನಗೆ ಭಯ.